ತಲೆ ನೋಡಿ ವಿಷಸರ್ಪವನ್ನು ಗುರುತಿಸಬಹುದೇ?

ಹುಲಿಕುಂಟೆ (ಶಿರಾ ತಾ.): ಹುಲಿಕುಂಟೆ ಹೋಬಳಿಯಂತಹ ಬಯಲುಸೀಮೆಯಲ್ಲಿ ರಾತ್ರಿ ಕರೆಂಟ್ ಬಂತೆಂದರೆ ರೈತರು ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗಲೇಬೇಕು. ಕಾಲಬಳಿ ಸರಿದ ಹಾವು ವಿಷದ್ದೇ ಅಲ್ಲವೇ ಎಂಬ ಪ್ರಶ್ನೆಗೆ ಅನೇಕರಲ್ಲಿ ಸಿದ್ಧ ಉತ್ತರವಿದೆ: ತಲೆ ತ್ರಿಕೋನಾಕಾರವಾಗಿದ್ದು ಕಣ್ಣಿನ ಪಾಪೆ ಸೀಳಿನಂತಿದ್ದರೆ ವಿಷಸರ್ಪ. ಈ ಸೂತ್ರವನ್ನು ನಂಬಿ ಕುಳಿತರೆ ಪ್ರಾಣಕ್ಕೇ ಅಪಾಯ.

ಉತ್ತರ ಅಮೆರಿಕದಲ್ಲಿ ಈ ಸೂತ್ರ ಬಹುಮಟ್ಟಿಗೆ ಹೊಂದುತ್ತದೆ. ಅಲ್ಲಿನ ವಿಷಸರ್ಪಗಳಲ್ಲಿ ಹೆಚ್ಚಿನವು ಮಂಡಲದ ಹಾವಿನ ವರ್ಗಕ್ಕೆ ಸೇರಿದವು. ಆದರೆ ಅಲ್ಲಿಯೂ ಹವಳದ ಹಾವು ಇದಕ್ಕೆ ಹೊರತು. ಆಸ್ಟ್ರೇಲಿಯಾದಲ್ಲಿ ಅಪಾಯಕಾರಿಯಾದ ನೆಲಹಾವುಗಳೆಲ್ಲ ನಾಗರನ ಕುಟುಂಬದವು. ನಮ್ಮ ನಾಗರಹಾವಿನ ಪಾಪೆ ದುಂಡಗಿದೆ, ತಲೆ ತ್ರಿಕೋನವಲ್ಲ. ಇತ್ತ ಸೀಳುಪಾಪೆಯ ಬೆಕ್ಕುಕಣ್ಣಿನ ಹಾವಿನಿಂದ ಮನುಷ್ಯರಿಗೆ ಪ್ರಾಣಾಪಾಯವಿಲ್ಲ. ಹೀಗಾಗಿ ಆಯಾ ಊರಿನ ಹಾವುಗಳನ್ನು ಒಂದೊಂದಾಗಿ ಅರಿಯುವುದೇ ಸರಿಯಾದ ದಾರಿ.

ಬಯಲುಸೀಮೆಯಲ್ಲಿ ಮುಖ್ಯವಾಗಿ ಅರಿಯಬೇಕಾದವು ನಾಲ್ಕು. ನಾಗರಹಾವು ಎಲ್ಲರಿಗೂ ಪರಿಚಿತ. ಆದರೆ ಹೆಡೆ ಬಿಚ್ಚದಿದ್ದಾಗ ಕೇರೆಹಾವೆಂದು ಭ್ರಮಿಸುವವರುಂಟು. ಕೊಳಕುಮಂಡಲದ ಬೆನ್ನಿನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆಗಳಿರುತ್ತವೆ, ಕೆಣಕಿದರೆ ಕುಕ್ಕರ್ ಸೀಟಿಯಂತೆ ಬುಸುಗುಡುತ್ತದೆ. ಇದನ್ನು ಮಣ್ಣುಮುಕ್ಕ ಹಾವೆಂದು ಕೈಯಲ್ಲಿ ಹಿಡಿದವರು ಕಚ್ಚಿಸಿಕೊಂಡಿದ್ದಾರೆ. ಗರಗಸಮಂಡಲ ಗೇಣೆರಡು ಉದ್ದದ ಚಿಕ್ಕ ಹಾವು. ಕಲ್ಲುನೆಲದಲ್ಲಿ ಸುರುಳಿಸುತ್ತಿ ಮೈಯ ಹುರುಪೆಗಳನ್ನು ಉಜ್ಜಿ ಗರಗಸದಂತೆ ಸದ್ದು ಮಾಡುತ್ತದೆ. ಚಿಕ್ಕದೆಂಬ ಉಪೇಕ್ಷೆ ಸಲ್ಲದು.

ಅತ್ಯಂತ ಹೆಚ್ಚು ಗೊಂದಲವಾಗುವುದು ಕಟ್ಟುಹಾವಿನಲ್ಲಿ. ಮನೆಯೊಳಗೆ ಬರುವ, ವಿಷವಿಲ್ಲದ ತೋಳದ ಹಾವು ಇದನ್ನೇ ಹೋಲುತ್ತದೆ. ಕಟ್ಟುಹಾವಿನ ಕಪ್ಪು ಮೈಮೇಲಿನ ತೆಳು ಬಿಳಿ ಪಟ್ಟೆಗಳು ಸಾಮಾನ್ಯವಾಗಿ ಜೋಡಿಯಾಗಿದ್ದು ಬಾಲದತ್ತ ಸ್ಪಷ್ಟವಾಗುತ್ತವೆ. ತೋಳದ ಹಾವಿನ ಪಟ್ಟೆಗಳು ಕತ್ತಿನ ಬಳಿ ಅಗಲವಾಗಿದ್ದು ಬಾಲದತ್ತ ಮಾಸುತ್ತವೆ. ಟಾರ್ಚ್ ಬೆಳಕಿನಲ್ಲಿ ಇದನ್ನು ಎಣಿಸಿ ನಿರ್ಧರಿಸುವ ವ್ಯವಧಾನ ಯಾರಿಗಿದೆ?

ಅದರ ಅಗತ್ಯವೂ ಇಲ್ಲ. ಆಸ್ಪತ್ರೆಗಳಲ್ಲಿ ನೀಡುವ ಪ್ರತಿವಿಷವನ್ನು ಈ ನಾಲ್ಕೂ ಹಾವುಗಳ ವಿಷ ಬಳಸಿಯೇ ತಯಾರಿಸಲಾಗುತ್ತದೆ. ವೈದ್ಯರು ಲಕ್ಷಣ ನೋಡಿ ಚಿಕಿತ್ಸೆ ಆರಂಭಿಸುತ್ತಾರೆ. ಹಾವನ್ನು ಕೊಂದು ಚೀಲದಲ್ಲಿ ತರುವ ಪ್ರಯತ್ನದಲ್ಲಿ ಸಮಯ ವ್ಯರ್ಥ, ಎರಡನೆಯ ಕಡಿತದ ಭಯ ಬೇರೆ. ಗಾಯ ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಕೂಡದು. ಕಚ್ಚಿದ ಅಂಗವನ್ನು ಅಲುಗಾಡಿಸದೆ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಗುರುತಾಗಲಿ ಇಲ್ಲದಿರಬಹುದು. ನೆಲದಲ್ಲಿ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದು ಮಾತು ತೊದಲಿದರೆ, ಹಾವನ್ನು ಯಾರೂ ಕಂಡಿಲ್ಲದಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ಮುಂದೆ ಉಸಿರಾಟವೇ ನಿಲ್ಲಬಹುದು.