ಕಾಡುಗಳ್ಳನ ಕಥೆ ಮತ್ತು ನ್ಯಾಯದ ಲೆಕ್ಕ

ವೀರಪ್ಪನ್ ಸತ್ತು ಎರಡು ದಶಕಗಳು ಕಳೆದಿವೆ. 2004ರ ಅಕ್ಟೋಬರ್ 18ರ ರಾತ್ರಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿಯ ಬಳಿ ಅವನೂ ಅವನ ಮೂವರು ಸಂಗಡಿಗರೂ ಪೊಲೀಸರ ಗುಂಡಿಗೆ ಬಲಿಯಾದರು. ಆದರೆ ಅವನ ಕಥೆಗಳು ಅಂದು ಸಾಯಲಿಲ್ಲ. ಬಡವರಿಗೆ ದುಡ್ಡು ಹಂಚುತ್ತಿದ್ದನಂತೆ, ಹಕ್ಕಿಯ ಕೂಗು ಕೇಳಿಯೇ ಪೊಲೀಸರು ಬರುವುದನ್ನು ಹೇಳುತ್ತಿದ್ದನಂತೆ, ಮೋಸಗಾರರಿಗೆ ಮಾತ್ರ ಶಿಕ್ಷೆ ಕೊಡುತ್ತಿದ್ದನಂತೆ. ಈ ‘ಅಂತೆ’ಗಳ ಹಿಂದೆ ಏನಿದೆ? ಕಳ್ಳನೊಬ್ಬ ಜನರ ಬಾಯಲ್ಲಿ ನ್ಯಾಯ ಕೊಡುವವನಾಗುವುದು ಹೇಗೆ? ಈ ಬಾರಿಯ ಸಂವಾದವನ್ನು ನೋಡುವ ಮುನ್ನ ವೀಕ್ಷಕರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ಮೂರು ಸರಕಾರಗಳ ನಡುವೆ

ಗಡಿ ಎಂದರೆ ಎಲ್ಲೋ ದೂರದ ಮಾತು ಎಂದು ಕರಾವಳಿಯವರು ತಿಳಿಯಬೇಕಾಗಿಲ್ಲ. ಕಿರಿಮಂಜೇಶ್ವರವನ್ನೇ ತೆಗೆದುಕೊಳ್ಳಿ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದಾಗ ಕುಂದಾಪುರ ತಾಲೂಕು ದಕ್ಷಿಣ ಕನ್ನಡದೊಡನೆ ಮದರಾಸಿನಲ್ಲೇ ಉಳಿಯಿತು. ಆ ಮೇಲೆ ಬಹುಕಾಲ ಕಿರಿಮಂಜೇಶ್ವರದವರು ಉತ್ತರಕ್ಕೆ ನಡೆದು ಶಿರೂರು ದಾಟಿದರೆ ಅದು ಮುಂಬಯಿ ಸರಕಾರದ ನೆಲ. ಪೂರ್ವಕ್ಕೆ ಹೊರಟು ಕೊಲ್ಲೂರು ಘಾಟಿ ಹತ್ತಿದರೆ ಮೈಸೂರು ಮಹಾರಾಜರ ಸಂಸ್ಥಾನ. ಮೂರು ಸರಕಾರಗಳು, ಮೂರು ಬಗೆಯ ಪೊಲೀಸು, ನಡುವೆ ಒಂದೇ ಕಾಡು. ಇಲ್ಲಿಯ ಪೊಲೀಸಿನವನು ಅಲ್ಲಿ ಒಬ್ಬನನ್ನು ಹಿಡಿಯಬೇಕಾದರೆ ಕಾಗದ ಹೋಗಬೇಕು, ಉತ್ತರ ಬರಬೇಕು. ಓಡುವವನಿಗೆ ಕಾಗದ ಬೇಡ.

ವೀರಪ್ಪನ್‌ನ ಊರು ಗೋಪಿನಾಥಂ. ಅದಿದ್ದ ಕೊಳ್ಳೇಗಾಲ ತಾಲೂಕು ಕೂಡ ಆಗ ಮದರಾಸಿನದೇ. ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕುಂದಾಪುರ ಮತ್ತು ಕೊಳ್ಳೇಗಾಲ ಒಂದೇ ದಿನ ಮೈಸೂರು ರಾಜ್ಯದೊಳಗೆ ಬಂದವು. ಕುಂದಾಪುರದ ಸುತ್ತಣ ಗಡಿಗಳು ಅಂದು ಅಳಿಸಿಹೋದವು. ಕೊಳ್ಳೇಗಾಲದ ಗಡಿ ಅಳಿಸಲಿಲ್ಲ, ಜಾಗ ಬದಲಿಸಿತು. ಗೋಪಿನಾಥಂ ಜನರ ಮನೆಮಾತು ತಮಿಳು. ಅವರ ತಾಲೂಕು ಕಚೇರಿ, ಠಾಣೆ, ಕೋರ್ಟುಗಳೆಲ್ಲ ಕನ್ನಡದವು. ಪಾಲಾರ್ ಹೊಳೆಯ ಆಚೆ ತಮಿಳುನಾಡು, ಈಚೆ ಕರ್ನಾಟಕ, ನಡುವೆ ಆನೆ ಮತ್ತು ಗಂಧದ ಮರಗಳಿದ್ದ ದಟ್ಟ ಕಾಡು. 1952ರಲ್ಲಿ ಹುಟ್ಟಿದ ಹುಡುಗನಿಗೆ ಬಂದೂಕಿನ ಜೊತೆಗೆ ಸಿಕ್ಕ ಎರಡನೆಯ ಆಯುಧ ಈ ಗಡಿ.

ಕಥೆಯ ಅಚ್ಚು

ಇಂತಹ ಕಥೆಗಳಿಗೆ ಹಳೆಯದೊಂದು ಅಚ್ಚು ಇದೆ. ತುಳುನಾಡಿನ ಪಾಡ್ದನಗಳ ಕೋಟಿ–ಚೆನ್ನಯರು ಗದ್ದೆಯ ಜಗಳದಲ್ಲಿ ಪಡುಮಲೆಯ ಬಲ್ಲಾಳನ ಮಂತ್ರಿ ಬುದ್ಧಿವಂತನನ್ನು ಕೊಂದು, ಆ ಸೀಮೆ ಬಿಟ್ಟು ಪಂಜಕ್ಕೆ, ಅಲ್ಲಿಂದ ಎಣ್ಮೂರಿಗೆ ಹೋದರು. ಆಳುವವರ ಕಣ್ಣಿಗೆ ಅವರು ಅಪರಾಧಿಗಳು; ಗರಡಿಗಳಲ್ಲಿ ಇಂದಿಗೂ ಆರಾಧನೆ ಪಡೆಯುವ ವೀರರು. ಬಯಲುಸೀಮೆಯ ಸಿಂಧೂರ ಲಕ್ಷ್ಮಣನದೂ ಗಡಿಯ ಕಥೆಯೇ. ಅವನ ಊರು ಸಿಂಧೂರು ಜತ್ತ ಸಂಸ್ಥಾನದ್ದು. ಮಗ್ಗುಲಲ್ಲಿ ಬ್ರಿಟಿಷರ ಬಿಜಾಪುರ ಜಿಲ್ಲೆ. 1920ರ ದಶಕದ ಆರಂಭದ ಸರಕಾರಕ್ಕೆ ಅವನು ದರೋಡೆಕೋರ, ಕಂಪನಿ ನಾಟಕಗಳಿಗೆ ವೀರ.

ಇವರನ್ನೆಲ್ಲ ವೀರಪ್ಪನ್ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ನೋಡಬೇಕಾದದ್ದು ಅಚ್ಚನ್ನು ಮಾತ್ರ. ಮೊದಲು ನಾಯಕನಿಗೆ ಒಂದು ಅನ್ಯಾಯ ಆಗಬೇಕು. ಆಳುವವರು ಅದನ್ನು ಕೇಳಬಾರದು. ಅವನು ಎಲ್ಲೆ ದಾಟಬೇಕು. ಕೊನೆಗೆ ಶೌರ್ಯದಿಂದ ಸೋಲದೆ ಮೋಸದಿಂದ ಸಾಯಬೇಕು. ಸಿಂಧೂರ ಲಕ್ಷ್ಮಣನನ್ನು ಊಟಕ್ಕೆ ಕರೆದು ಕೊಂದರೆಂದು ನಾಟಕಗಳು ಹೇಳುತ್ತವೆ. ವೀರಪ್ಪನ್‌ನನ್ನು ಕಣ್ಣಿನ ಚಿಕಿತ್ಸೆಯ ನೆಪದಲ್ಲಿ ಆಂಬುಲೆನ್ಸಿಗೆ ಹತ್ತಿಸಿ ಕರೆತಂದರೆಂಬ ಸುದ್ದಿ ಬಂದ ಕೂಡಲೇ ಅವನೂ ಈ ಅಚ್ಚಿನಲ್ಲಿ ಕುಳಿತುಬಿಟ್ಟ. ಠಾಣೆಯ ಮೆಟ್ಟಿಲು ಹತ್ತಿಯೂ ನ್ಯಾಯ ಸಿಗದ ಮನುಷ್ಯನಿಗೆ ಇಂತಹ ಕಥೆ ಒಂದು ಸಮಾಧಾನ. ಕಥೆಯ ಬಲವೂ ಅಲ್ಲಿದೆ, ಅಪಾಯವೂ ಅಲ್ಲಿದೆ.

ಅಚ್ಚಿಗೆ ಹೊಂದದ ಸಂಗತಿಗಳು

ಪಿ. ಶ್ರೀನಿವಾಸ್ ಭಾರತೀಯ ಅರಣ್ಯ ಸೇವೆಯ ಅಧಿಕಾರಿ. ವೀರಪ್ಪನ್‌ನ ಬೆನ್ನು ಹತ್ತಿದವರಲ್ಲಿ ಮೊದಲಿಗರು. ಬಂದೂಕಿನಿಂದಷ್ಟೇ ಇದು ಮುಗಿಯುವ ಕೆಲಸವಲ್ಲವೆಂದು ಅವರು ಗೋಪಿನಾಥಂನ ಜನರಿಗೆ ಔಷಧೋಪಚಾರದ ಏರ್ಪಾಡು ಮಾಡಿದರು, ಊರಿನ ಮಾರಿಯಮ್ಮನಿಗೆ ಗುಡಿ ಕಟ್ಟಿಸಿದರು. 1991ರ ನವೆಂಬರ್ 10ರಂದು, ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ ಆಯುಧವಿಲ್ಲದೆ ಕಾಡಿಗೆ ಹೋದ ಅವರನ್ನು ಕೊಂದು ತಲೆ ಕಡಿದರು. ಮೋಸದಿಂದ ಸತ್ತವರು ಇಲ್ಲಿ ಯಾರು? ಗೋಪಿನಾಥಂನವರು ಅವರ ಭಾವಚಿತ್ರವನ್ನು ಆ ಗುಡಿಯಲ್ಲಿ ಇಟ್ಟುಕೊಂಡಿದ್ದಾರೆ. ಒಂದೇ ಊರಿನ ಎರಡು ಕಥೆಗಳಲ್ಲಿ ಒಂದು ಸಿನಿಮಾಗಳವರೆಗೆ ಹೋಯಿತು. ಇನ್ನೊಂದು ಹೆಚ್ಚಾಗಿ ಆ ಊರಲ್ಲೇ ಉಳಿಯಿತು.

‘ಮೋಸಗಾರರಿಗೆ ಮಾತ್ರ ಶಿಕ್ಷೆ’ ಎಂಬ ಮಾತನ್ನೂ ನೋಡೋಣ. ಪೊಲೀಸರಿಗೆ ಸುಳಿವು ಕೊಟ್ಟನೆಂಬ ಸಂಶಯ ಬಂದರೆ ಸಾಕು, ಊರಿನ ಕೂಲಿಯವನೇ ಆಗಲಿ, ಹೆಣವಾಗುತ್ತಿದ್ದ. ಅಲ್ಲಿ ದೂರುದಾರನೂ ವೀರಪ್ಪನ್, ಸಾಕ್ಷಿಯೂ ಅವನೇ, ನ್ಯಾಯಾಧೀಶನೂ ಅವನೇ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬುಗಳಿಗೆ 22 ಮಂದಿ ಬಲಿಯಾದರು. ಸತ್ತವರು ಪೊಲೀಸರಷ್ಟೇ ಅಲ್ಲ; ಅವರಿಗೆ ಮಾಹಿತಿ ಕೊಡುತ್ತಿದ್ದವರೂ ಇದ್ದರು.

ಕಾಡಿನ ಲೆಕ್ಕವೂ ಇದೆ. ಏಷ್ಯಾದ ಆನೆಗಳಲ್ಲಿ ದೊಡ್ಡ ದಂತ ಇರುವುದು ಗಂಡಿಗೆ ಮಾತ್ರ. ಹಾಗಾಗಿ ದಂತಕ್ಕಾಗಿ ನಡೆಯುವ ಬೇಟೆ ಹಿಂಡಿನಲ್ಲಿ ಗಂಡಾನೆಗಳನ್ನೇ ಆರಿಸಿ ತೆಗೆಯುತ್ತದೆ. ಹೆಣ್ಣಾನೆಗಳು ಸಾಕಷ್ಟು ಉಳಿದರೂ ಬೆಳೆದ ಸಲಗಗಳು ವಿರಳವಾಗುತ್ತವೆ. ಈ ಏರುಪೇರು ಸರಿಹೋಗಲು ಹತ್ತಾರು ವರ್ಷಗಳೇ ಬೇಕು.

ಕಾನೂನಿನ ಅಡ್ಡದಾರಿ

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧವಾಯಿತು. ವೀರಪ್ಪನ್‌ನನ್ನು ಹಿಡಿಯಲು ಎರಡೂ ರಾಜ್ಯಗಳು ವಿಶೇಷ ಕಾರ್ಯಪಡೆ ರಚಿಸಿದವು. ಆ ಪಡೆಯವರು ಹಳ್ಳಿಗರನ್ನು ಅಕ್ರಮವಾಗಿ ಕೂಡಿಹಾಕಿ ಹಿಂಸಿಸಿದರೆಂಬ ದೂರುಗಳನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯಿಂದ ತನಿಖೆ ಮಾಡಿಸಿತು. 2007ರಲ್ಲಿ 89 ಮಂದಿ ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಟಾಡಾ ಕಾಯಿದೆಯಡಿ ಬಂಧಿತರಾಗಿ ಮೈಸೂರಿನಲ್ಲಿ ವಿಚಾರಣೆ ಎದುರಿಸಿದವರಲ್ಲಿ ಬಹುಪಾಲು ಜನ 2001ರಲ್ಲಿ ಖುಲಾಸೆಯಾದರು. ಆದರೆ ಅಷ್ಟರಲ್ಲಿ ಅವರಲ್ಲಿ ಎಷ್ಟೋ ಮಂದಿಯ ವರ್ಷಗಟ್ಟಲೆ ಆಯುಷ್ಯ ಜೈಲಿನಲ್ಲೇ ಕಳೆದಿತ್ತು.

ಧರ್ಮಪುರಿ ಜಿಲ್ಲೆಯ ವಾಚಾತಿ ಎಂಬ ಗಿರಿಜನರ ಹಳ್ಳಿಗೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್ ಮತ್ತು ಕಂದಾಯ ಇಲಾಖೆಗಳ ಸಿಬ್ಬಂದಿ ಗಂಧದ ಮರ ಹುಡುಕುವ ಹೆಸರಿನಲ್ಲಿ ನುಗ್ಗಿದರು. ಮನೆಗಳನ್ನು ಧ್ವಂಸ ಮಾಡಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಸಿದರು. 269 ಸರಕಾರಿ ನೌಕರರ ಮೇಲೆ ಮೊಕದ್ದಮೆ ನಡೆಯಿತು. ತೀರ್ಪು ಬಂದದ್ದು 2011ರಲ್ಲಿ. ಅಷ್ಟರಲ್ಲಿ 54 ಆರೋಪಿಗಳು ತೀರಿಕೊಂಡಿದ್ದರು, ಉಳಿದ 215 ಮಂದಿಯೂ ತಪ್ಪಿತಸ್ಥರೆಂದಾಯಿತು. 2023ರಲ್ಲಿ ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಮವಸ್ತ್ರ ತೊಟ್ಟವರು ವಿಚಾರಣೆಯಿಲ್ಲದೆ ಶಿಕ್ಷೆಗೆ ಕೈಹಾಕಿದಾಗಲೆಲ್ಲ ಕಾಡಿನವನ ಕಥೆಗೆ ಇನ್ನೊಂದು ಅಧ್ಯಾಯ ಸೇರುತ್ತದೆ.

ಒಬ್ಬ ತಂದೆಯ ಅರ್ಜಿ

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜಕುಮಾರ್ ಅವರ ಅಪಹರಣವಾಯಿತು. 108 ದಿನ ನಾಡು ಉಸಿರು ಬಿಗಿಹಿಡಿದಿತ್ತು. ಟಾಡಾ ಬಂಧಿತರನ್ನು ಬಿಡಬೇಕೆಂದು ವೀರಪ್ಪನ್ ಕೇಳಿದ; ಸರಕಾರ ಒಪ್ಪಿ ಮೊಕದ್ದಮೆ ಹಿಂತೆಗೆಯಲು ಹೊರಟಿತು. ಆಗ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಂ. 1992ರ ಆಗಸ್ಟ್‌ನಲ್ಲಿ ವೀರಪ್ಪನ್ ತಂಡದ ಗುಂಡಿಗೆ ಬಲಿಯಾದ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. ನ್ಯಾಯಾಲಯ ಅವರ ಮಾತು ಒಪ್ಪಿ, ಬಿಡುಗಡೆಗೆ ತಡೆ ಹಾಕಿತು. ನವೆಂಬರ್ 15ರಂದು ರಾಜಕುಮಾರ್ ಮರಳಿದರು.

ಮಗನನ್ನು ಕಳೆದುಕೊಂಡ ತಂದೆ ಕೇಳಿದ್ದು ವಿಚಾರಣೆಯನ್ನು, ಸೇಡನ್ನಲ್ಲ. ಆ ವಿಚಾರಣೆ ಮುಂದಿನ ವರ್ಷ ಮುಗಿದಾಗ ಬಹುಪಾಲು ಬಂಧಿತರು ನಿರಪರಾಧಿಗಳೆಂದು ಹೊರಬಂದರು, ಕೆಲವರಿಗೆ ಶಿಕ್ಷೆಯಾಯಿತು. ತಡವಾಗಿಯಾದರೂ ಅಪರಾಧಿ ಯಾರು, ಅಲ್ಲದವರು ಯಾರು ಎಂದು ಬೇರ್ಪಡಿಸಿದ್ದು ಕೋರ್ಟು. ಕಾಡಿನ ಬಂದೂಕಿಗಾಗಲಿ ಕಾರ್ಯಪಡೆಯ ಲಾಠಿಗಾಗಲಿ ಅದು ಸಾಧ್ಯವಾಗಲಿಲ್ಲ.

ಇದು ಕರಾವಳಿಗೆ ಹೊಸ ವಿಷಯವಲ್ಲ. ಕುಂದಾಪುರ ಸೀಮೆಯಲ್ಲಿ ಜಾಗದ ತಕರಾರು ಹಾಯ್ಗುಳಿಯ ಮುಂದೆ ಬಂದರೂ ದೂರುವವನು ಹತ್ತು ಸಮಸ್ತರ ಎದುರು ನಿಂತು ಹೇಳಬೇಕು. ಇನ್ನೊಬ್ಬನಿಗೂ ಮಾತಾಡಲು ಅವಕಾಶ ಇರಬೇಕು. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಎರಡು ಕಡೆಯ ಮಾತು ಕೇಳದೆ ಕೊಡುವುದು ನ್ಯಾಯವಲ್ಲ ಎಂಬ ತಿಳಿವಳಿಕೆ ಮಾತ್ರ ಆ ಕಟ್ಟಳೆಯಲ್ಲೂ ಇದೆ.

ದೂರದರ್ಶನದ ಮಾಧ್ಯಮದಲ್ಲಿ ದುಡಿಯುವ ನಮಗೂ ಇಲ್ಲಿ ಒಂದು ಪಾಲಿದೆ. ಕ್ಯಾಮರಾಕ್ಕೆ ಮುಖ ಬೇಕು. ಆ ಮೀಸೆ ಒಂದು ಕ್ಷಣದಲ್ಲಿ ಪರದೆ ತುಂಬುತ್ತದೆ. ಜೈಲಿನಲ್ಲಿ ಕಳೆದ ಎಂಟು ವರ್ಷವನ್ನು ತೋರಿಸಲು ಯಾವ ಚಿತ್ರ ಹಾಕುವುದು? ಸಂವಾದದಲ್ಲಿ ಮೀಸೆಯ ಚಿತ್ರಕ್ಕಿಂತ ಈ ಜನರ ಮಾತಿಗೆ ಹೆಚ್ಚು ಹೊತ್ತು ಕೊಡಬೇಕೆಂಬುದು ನಮ್ಮ ಆಶಯ.

ಚರ್ಚೆಗೆ ಮುನ್ನ ಮನೆಯವರೊಡನೆ ಮಾತಾಡಿಕೊಳ್ಳಿ

1. ನಿಮ್ಮ ಊರಿನಲ್ಲಿ ಹೇಳುವ ಕಳ್ಳನ ಕಥೆಯಲ್ಲಿ ಅವನಿಂದ ನೊಂದವರ ಹೆಸರು ಬರುತ್ತದೆಯೇ?
2. ಠಾಣೆ, ಕೋರ್ಟು ದೂರವಿದ್ದ ಕಾಲದಲ್ಲಿ ನಿಮ್ಮ ಹಿರಿಯರು ತಕರಾರುಗಳನ್ನು ಹೇಗೆ ಬಗೆಹರಿಸಿಕೊಳ್ಳುತ್ತಿದ್ದರು? ಬಡವನ ಮಾತಿಗೆ ಅಲ್ಲಿ ಬೆಲೆ ಇತ್ತೇ?
3. ಆರೋಪಿಯನ್ನು ವಿಚಾರಣೆಯಿಲ್ಲದೆ ಕೊಂದರೆಂಬ ಸುದ್ದಿ ಕೇಳಿ ‘ಒಳ್ಳೆಯದೇ ಆಯಿತು’ ಎನಿಸಿದರೆ, ಹಿಡಿದದ್ದು ತಪ್ಪು ಮನುಷ್ಯನನ್ನಾಗಿದ್ದರೆ ಅದನ್ನು ಸರಿಪಡಿಸುವವರು ಯಾರು?