ದುಡಿಮೆಯ ಮಿತಿಯೂ ಮನಸ್ಸಿನ ಬೆಳವಣಿಗೆಯೂ

ದೇಶವು ಮುಂದುವರಿಯಬೇಕಾದರೆ ನಮ್ಮ ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದು ಬೆಂಗಳೂರಿನ ಪ್ರಸಿದ್ಧ ಉದ್ಯಮಿಗಳಾದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು ೨೦೨೩ನೆಯ ಇಸವಿಯ ಅಕ್ಟೋಬರಿನಲ್ಲಿ ಆಡಿದ ಮಾತು ನಾಡಿನಲ್ಲೆಲ್ಲ ಚರ್ಚೆಗೆ ವಿಷಯವಾಯಿತು. ೨೦೨೫ರ ಜನವರಿಯಲ್ಲಿ ಮತ್ತೊಂದು ಭಾರಿ ಸಂಸ್ಥೆಯ ಅಧ್ಯಕ್ಷರ ಮಾತು ಹೊರಬಿದ್ದಿತು. ಅವರು ೭೦ಕ್ಕೆ ತೃಪ್ತರಾಗದೆ ೯೦ಕ್ಕೆ ಏರಿದ್ದರು. ಭಾನುವಾರವೂ ಕೆಲಸ ಮಾಡಿಸಲಾಗದಲ್ಲಾ ಎಂದು ಹಳಹಳಿಸಿದ್ದರು. ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬರ್ಥದ ಪ್ರಶ್ನೆಯನ್ನೂ ಕೇಳಿದ್ದರು. ಜನರು ಅದನ್ನು ಕೇಳಿ ನಕ್ಕರು, ಕೆಲವರು ಸಿಟ್ಟಾದರು. ನಾವಾದರೋ ಆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ತೆಗೆದುಕೊಳ್ಳಬಯಸುತ್ತೇವೆ. ದುಡಿದು ಬಂದವನಿಗೆ ಮನೆಯಲ್ಲಿ ಏನು ಕೆಲಸ? ಆ ಹೊತ್ತಿನಿಂದ ದೇಶಕ್ಕೆ ಏನು ಪ್ರಯೋಜನ? ಇದಕ್ಕೆ ನೇರವಾದ ಉತ್ತರವನ್ನು ಕೊಡುವುದು ಅಗತ್ಯ.

ಈ ಮಹನೀಯರ ದೇಶಾಭಿಮಾನವನ್ನು ನಾವು ಸಂಶಯಿಸುವುದಿಲ್ಲ. ಸೋಮಾರಿತನವು ದೇಶಕ್ಕೆ ಶಾಪವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದುಡಿಮೆಯ ಮಹಿಮೆಯನ್ನು ಹೇಳುವುದು ಬೇರೆ, ದುಡಿಮೆಗೆ ಮಿತಿಯೇ ಬೇಡವೆನ್ನುವುದು ಬೇರೆ.

ಲೆಕ್ಕದ ಮಾತು

ವಾರಕ್ಕೆ ೭೦ ಗಂಟೆಯನ್ನು ಆರು ದಿನಗಳಿಗೆ ಹಂಚಿದರೆ ದಿನಕ್ಕೆ ೧೧ ಗಂಟೆ ೪೦ ನಿಮಿಷವಾಗುತ್ತದೆ. ಬೆಂಗಳೂರಿನಂಥ ನಗರದಲ್ಲಿ ಹೋಗಿ ಬರುವುದಕ್ಕೆ ಎರಡು ಗಂಟೆ ಹಿಡಿಯಿರಿ. ನಿದ್ರೆಗೆ ಏಳು ಗಂಟೆ ಬಿಡಿ. ಉಳಿದದ್ದು ೩ ಗಂಟೆ ೨೦ ನಿಮಿಷ. ಸ್ನಾನ, ಊಟ, ತಿಂಡಿ, ಅಂಗಡಿಬೀದಿ, ಮಗುವಿನ ಪಾಠ, ವೃದ್ಧರಾದ ತಂದೆತಾಯಿಗಳ ಔಷಧಿ, ನೆಂಟರ ಸುಖದುಃಖ, ಹೆಂಡತಿಯೊಡನೆ ಎರಡು ಮಾತು, ಒಂದು ಪುಸ್ತಕದ ನಾಲ್ಕು ಪುಟ, ಇವೆಲ್ಲವೂ ಆ ಅವಧಿಯೊಳಗೇ ಮುಗಿಯಬೇಕು. ಇವುಗಳಲ್ಲಿ ಯಾವುದನ್ನು ಬಿಡುವುದು ಎಂಬ ಪ್ರಶ್ನೆ ಬಂದಾಗ ಸ್ನಾನವನ್ನೂ ಊಟವನ್ನೂ ಯಾರೂ ಬಿಡರು. ಮೊದಲು ಬಿಟ್ಟುಹೋಗುವುದು ಮಾತು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಮ್ಮ ಹಿರಿಯರು ಹೇಳಿದರು. ಉಣ್ಣುವ ಹೊತ್ತೂ ಮಲಗುವ ಹೊತ್ತೂ ಬೇರೆ ಬೇರೆಯಾದ ಮನೆಯಲ್ಲಿ ಆ ಜಗಳ ತೀರುವುದು ಯಾವಾಗ?

ದುಡಿಮೆಯ ಹೊತ್ತಿಗೆ ಮಿತಿ ಹಾಕಿದ್ದು ಮೈಗಳ್ಳರ ಉಪಾಯವಲ್ಲ. ೧೯೧೯ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಮೊದಲನೆಯ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ ಎಂಬ ನಿಯಮವನ್ನು ಅಂಗೀಕರಿಸಿತು. ಪರರ ಆಳ್ವಿಕೆಯಲ್ಲಿದ್ದ ನಮ್ಮ ದೇಶದ ಕಾರ್ಖಾನೆಗಳಲ್ಲಿ ೧೯೨೨ರ ಕಾಯಿದೆಯಿಂದ ವಾರಕ್ಕೆ ೬೦ ಗಂಟೆಯೂ, ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ೧೯೩೪ರ ಕಾಯಿದೆಯಿಂದ ೫೪ ಗಂಟೆಯೂ ಮಿತಿಯಾದವು. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ನಮ್ಮವರೇ ಮಾಡಿದ ಕಾರ್ಖಾನೆ ಕಾಯಿದೆಯು ವಾರಕ್ಕೆ ೪೮ ಗಂಟೆಯ ಮಿತಿಯನ್ನು ವಿಧಿಸಿತು. ಆಗ ದೇಶದಲ್ಲಿ ಅನ್ನಕ್ಕೆ ಅಭಾವವಿತ್ತು. ನಿರಾಶ್ರಿತರು ಲಕ್ಷಗಟ್ಟಲೆ ಬಂದಿದ್ದರು. ಕಟ್ಟಬೇಕಾದುದು ಇಂದಿಗಿಂತಲೂ ಹೆಚ್ಚಾಗಿತ್ತು. ಆದರೂ ಅಂದಿನವರು ದುಡಿಯುವವನ ಹೊತ್ತಿಗೆ ಮಿತಿ ಹಾಕಿದರೇ ಹೊರತು ಅದನ್ನು ಹೆಚ್ಚಿಸಲಿಲ್ಲ. ರಾಷ್ಟ್ರನಿರ್ಮಾಣದ ಹೆಸರಿನಲ್ಲಿ ಮಿತಿಯನ್ನು ಕಿತ್ತೊಗೆಯ ಹೊರಟವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಮಿತಿ ಮೀರಿದ ದುಡಿಮೆಯು ಶರೀರಕ್ಕೆ ಮಾಡುವ ಕೇಡೂ ಗೊತ್ತಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ ೩೫ರಿಂದ ೪೦ ಗಂಟೆ ದುಡಿಯುವವರಿಗಿಂತ ೫೫ ಗಂಟೆ ಅಥವಾ ಅದಕ್ಕೂ ಮಿಗಿಲಾಗಿ ದುಡಿಯುವವರಿಗೆ ಪಾರ್ಶ್ವವಾಯುವಿನ ಭಯ ನೂರಕ್ಕೆ ೩೫ರಷ್ಟು ಹೆಚ್ಚು; ಹೃದಯದ ರಕ್ತನಾಳಗಳ ರೋಗದಿಂದ ಸಾಯುವ ಭಯ ನೂರಕ್ಕೆ ೧೭ರಷ್ಟು ಹೆಚ್ಚು. ಮನಸ್ಸಿನ ದಣಿವಿಗೂ ಹೆಸರುಂಟು. ಉದ್ಯೋಗದ ಒತ್ತಡವು ತೀರದೆ ಉಳಿದಾಗ ಬರುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಅಂಗೀಕಾರವಾದ ತನ್ನ ರೋಗವರ್ಗೀಕರಣದಲ್ಲಿ ವಿವರಿಸಿದೆ. ತ್ರಾಣ ಉಡುಗುವುದು, ಕೆಲಸದ ಮೇಲೆ ಜುಗುಪ್ಸೆ ಹುಟ್ಟುವುದು, ಕಾರ್ಯದಕ್ಷತೆ ಕುಗ್ಗುವುದು, ಈ ಮೂರೂ ಅದರ ಲಕ್ಷಣಗಳು. ಆ ಸಂಸ್ಥೆ ಇದನ್ನು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿಯೆಂದು ಕರೆದಿದೆ. ಎಂದರೆ, ದೋಷವನ್ನು ದುಡಿಯುವವನಲ್ಲಿ ಮಾತ್ರವೇ ಹುಡುಕದೆ ದುಡಿಮೆಯ ಏರ್ಪಾಟಿನಲ್ಲಿಯೂ ಹುಡುಕಬೇಕೆಂದು ಅರ್ಥ.

ಕಾಯಕದ ಮರ್ಮ

ನಮ್ಮ ನಾಡು ಕಾಯಕದ ನಾಡಲ್ಲವೇ, ದುಡಿಮೆಯನ್ನೇ ಪೂಜೆಯೆಂದು ಸಾರಿದ ಶರಣರ ನಾಡಲ್ಲವೇ ಎಂದು ಕೆಲವರು ಕೇಳಬಹುದು. ಹೌದು. ಆದುದರಿಂದಲೇ ಕಾಯಕದ ಅರ್ಥವನ್ನು ಶರಣರಿಂದಲೇ ಕಲಿಯೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನೆಂಬ ಶರಣನಿದ್ದನು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಅವನ ಹೆಂಡತಿ ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ಇದು ಅತಿಯಾಸೆ, ನಮಗೆ ಬೇಕಾದಷ್ಟೇ ಸಾಕು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂದು ಶರಣರ ಪರಂಪರೆ ಹೇಳುತ್ತದೆ.

ಈ ಕಥೆಯಲ್ಲಿ ಎರಡು ಸಂಗತಿಗಳಿವೆ. ಮೊದಲನೆಯದು, ಕಾಯಕಕ್ಕೆ ಅಳತೆಯುಂಟು. ಅಳತೆ ಮೀರಿದರೆ ಅದು ಕಾಯಕವಾಗಿ ಉಳಿಯದು. ಎರಡನೆಯದು, ಆ ಅಳತೆಯನ್ನು ಮಾರಯ್ಯನಿಗೆ ನೆನಪಿಸಿದವಳು ಅವನ ಮನೆಯಾಕೆ. ದುಡಿಮೆಯ ಓಟದಲ್ಲಿರುವವನಿಗೆ ತಾನು ದಾರಿ ತಪ್ಪಿದ್ದು ತನಗೆ ಕಾಣುವುದಿಲ್ಲ. ಹತ್ತಿರದಲ್ಲಿದ್ದು ಪ್ರೀತಿಸುವವರಿಗೆ ಕಾಣುತ್ತದೆ. ಅವರು ಹೇಳುವುದಕ್ಕೂ ಇವನು ಕೇಳುವುದಕ್ಕೂ ಹೊತ್ತು ಬೇಕು. ಮುಖ ನೋಡುವುದಕ್ಕೆ ಹೊತ್ತೇಕೆ ಎಂದವರಿಗೆ ನಮ್ಮ ಉತ್ತರ ಇದೇ. ಮನುಷ್ಯನು ತನ್ನ ತಪ್ಪನ್ನೂ, ಸಿಟ್ಟನ್ನೂ, ದುರಾಸೆಯನ್ನೂ ಕಂಡುಕೊಳ್ಳುವುದು ತನ್ನವರ ಮುಖದಲ್ಲಿ. ಆತ್ಮಸಂಸ್ಕಾರವೆಂಬುದು ಒಬ್ಬನೇ ಕೋಣೆಯಲ್ಲಿ ಕುಳಿತು ಗಳಿಸುವ ಸಿದ್ಧಿಯಲ್ಲ. ಕೋಪ ಬಂದಾಗ ತಡೆದುಕೊಳ್ಳುವುದು, ತಪ್ಪಾಯಿತೆಂದು ಮಗನಿಗೂ ಹೇಳಬಲ್ಲವನಾಗುವುದು, ಅತ್ತೆ ಸೊಸೆಯ ಮಾತನ್ನೂ ಸೊಸೆ ಅತ್ತೆಯ ಮಾತನ್ನೂ ಕೊನೆಯ ತನಕ ಕೇಳುವುದು, ಇವೆಲ್ಲ ಮನೆಯಲ್ಲಿ ಅಭ್ಯಾಸದಿಂದ ಬರತಕ್ಕವು. ಅಲ್ಲಿ ಕಲಿತವನು ಕಚೇರಿಯಲ್ಲಿ ಕೈಕೆಳಗಿನವರ ಮೇಲೆ ಹರಿಹಾಯುವುದಿಲ್ಲ. ಮನೆ ಗೆದ್ದು ಮಾರು ಗೆಲ್ಲು ಎಂಬ ಗಾದೆಯ ತಾತ್ಪರ್ಯವೂ ಇದೇ.

ಮನೆಯೊಳಗಿನ ಪಾಳಿ

ಆದರೆ ಮನೆಯ ಹೊತ್ತಿನ ಪರವಾಗಿ ವಾದಿಸುವ ನಾವು ಮನೆಯ ಅನ್ಯಾಯವನ್ನು ಮುಚ್ಚಿಡಲಾರೆವು. ಕಚೇರಿಯಿಂದ ಬಂದ ಗಂಡಸಿಗೆ ಮನೆ ವಿಶ್ರಾಂತಿಯ ಸ್ಥಳ. ಕಾರ್ಖಾನೆಯಿಂದ ಬಂದ ಹೆಂಗಸಿಗೆ ಅದು ಎರಡನೆಯ ಪಾಳಿ. ಕೇಂದ್ರ ಸರ್ಕಾರವು ೨೦೨೪ರಲ್ಲಿ ನಡೆಸಿದ ಕಾಲವಿನಿಯೋಗ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ ೨೮೯ ನಿಮಿಷಗಳನ್ನು ವ್ಯಯಿಸಿದರು. ಹಾಗೆ ತೊಡಗಿದ ಗಂಡಸರು ೮೮ ನಿಮಿಷಗಳನ್ನು. ಮನೆಗೆಲಸಕ್ಕೆ ಕೈಹಚ್ಚದ ಗಂಡಸರು ಈ ಸರಾಸರಿಯಲ್ಲಿ ಸೇರಿಯೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತ ಹೆಂಗಸಿನ ದಿನವನ್ನು ನೆನೆಯಿರಿ. ಹೊತ್ತು ಮೂಡುವ ಮುಂಚೆ ಎದ್ದು ನೀರು ಹಿಡಿದು, ಅಡಿಗೆ ಮಾಡಿ, ಬುತ್ತಿ ಕಟ್ಟಿ, ಮಕ್ಕಳನ್ನು ಅಣಿಗೊಳಿಸಿ ಅವಳು ಬಂದಿದ್ದಾಳೆ. ದಿನದ ಲೆಕ್ಕದ ತುಂಡುಗಳು ಮುಗಿಯದಿದ್ದರೆ ಮೇಲ್ವಿಚಾರಕನ ಬೈಗಳು. ಸಂಜೆ ಮನೆಗೆ ಮರಳಿದರೆ ಒಲೆ ಕಾದಿದೆ, ತೊಳೆಯದ ಪಾತ್ರೆ ಕಾದಿದೆ. ಅವಳು ಮಗುವಿನ ಮೇಲೆ ಸಿಡುಕಿದರೆ ಅದನ್ನು ಅವಳ ಸ್ವಭಾವದೋಷವೆಂದು ಹೇಳಿಬಿಡುವುದು ಸುಲಭ. ಅವಳಿಗೆ ಶಾಂತಿಯ ಉಪದೇಶ ಮಾಡುವುದಕ್ಕಿಂತ, ಆ ಪಾತ್ರೆಗಳನ್ನು ಗಂಡನು ತೊಳೆದರೆ ಮನೆಯಲ್ಲಿ ಹೆಚ್ಚು ಶಾಂತಿ ನೆಲಸೀತು. ನೆಮ್ಮದಿಯೆಂಬುದು ಬರಿಯ ಮನಸ್ಸಿನ ವಿಷಯವಲ್ಲ, ಕೆಲಸದ ಹಂಚಿಕೆಯ ವಿಷಯವೂ ಹೌದು. ಗಂಡಸಿಗೆ ಬಿಡುವು ಕೇಳುವ ಧ್ವನಿ ಹೆಂಗಸಿಗೂ ಬಿಡುವನ್ನು ಕೇಳದಿದ್ದರೆ ಅದು ನ್ಯಾಯದ ಧ್ವನಿಯಾಗದು.

ಸಂಕೋಚವನ್ನು ಬಿಡಬೇಕು

ಇಷ್ಟೆಲ್ಲ ಇದ್ದೂ ಮನಸ್ಸು ಕುಸಿಯುವುದುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೫-೧೬ರಲ್ಲಿ ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ನೂರಕ್ಕೆ ೧೦.೬ ಮಂದಿಗೆ ಒಂದಿಲ್ಲೊಂದು ಬಗೆಯ ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ತೊಂದರೆಯಿದ್ದವರಲ್ಲಿ ಬಹುತೇಕ ಮಂದಿ ಚಿಕಿತ್ಸೆಯನ್ನು ಪಡೆದಿರಲಿಲ್ಲ. ಹತ್ತು ಮಂದಿಯಲ್ಲಿ ಒಬ್ಬರೆಂದರೆ, ನಮ್ಮ ಬಂಧುವರ್ಗದಲ್ಲಿಯೇ, ನಮ್ಮ ಕಚೇರಿಯ ಪಕ್ಕದ ಮೇಜಿನಲ್ಲಿಯೇ ಅಂಥವರಿದ್ದಾರೆಂದಾಯಿತು. ಜ್ವರ ಬಂದರೆ ವೈದ್ಯರಲ್ಲಿಗೆ ಓಡುವ ನಾವು, ತಿಂಗಳುಗಟ್ಟಲೆ ನಿದ್ರೆ ಬಾರದಿದ್ದರೂ, ಬದುಕೇ ಬೇಸರವಾದರೂ ಬಾಯಿ ಬಿಡುವುದಿಲ್ಲ. ನಾಲ್ಕು ಜನ ಏನೆಂದಾರು, ಮಗಳ ಮದುವೆಗೆ ಅಡ್ಡಿಯಾದೀತೇ, ಬಡ್ತಿ ತಪ್ಪೀತೇ ಎಂಬ ಭಯ ನಾಲಿಗೆಯನ್ನು ಕಟ್ಟುತ್ತದೆ.

ಕನ್ನಡಿಗರಿಗೆ ಈ ಸಂಕೋಚವು ಒಪ್ಪತಕ್ಕದ್ದಲ್ಲ. ವೈದ್ಯರಾದ ಡಾ. ಎಂ. ಶಿವರಾಂ ಅವರು 'ರಾಶಿ' ಎಂಬ ಹೆಸರಿನಲ್ಲಿ ೧೯೪೨ರಿಂದ 'ಕೊರವಂಜಿ' ಪತ್ರಿಕೆಯ ಮೂಲಕ ನಾಡನ್ನು ನಗಿಸಿದರು. ಅದೇ ಲೇಖನಿಯಿಂದ ಮನಸ್ಸಿನ ಶಾಸ್ತ್ರವನ್ನೂ ತಿಳಿಗನ್ನಡದಲ್ಲಿ ಬರೆದರು. ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನೋರೋಗದ ಚಿಕಿತ್ಸೆಯಲ್ಲಿ ಕುಟುಂಬವನ್ನು ಜೊತೆಗೂಡಿಸಿಕೊಳ್ಳುವ ಪದ್ಧತಿಗೂ ನಮ್ಮ ದೇಶದ ವೈದ್ಯರೇ ದಾರಿ ತೋರಿದರು. ೧೯೫೦ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಬಂಧುಗಳನ್ನೂ ಅವರೊಡನೆ ಇರಗೊಟ್ಟರು. ರೋಗಿಗಳು ಬೇಗ ಚೇತರಿಸಿಕೊಂಡರು, ಬಂಧುಗಳ ಭಯವೂ ಹರಿಯಿತು. ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಕುಟುಂಬಗಳಿಗೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. ಕುಟುಂಬವೇ ಗಾಯಕ್ಕೆ ಕಾರಣವಾಗಬಲ್ಲುದು; ಅರಿವು ಮೂಡಿದರೆ ಕುಟುಂಬವೇ ಮದ್ದೂ ಆಗಬಲ್ಲುದು.

೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು, ಸರ್ಕಾರವು ನಡೆಸುವ ಅಥವಾ ಅದರ ಧನಸಹಾಯದಿಂದ ನಡೆಯುವ ಸಂಸ್ಥೆಗಳಲ್ಲಿ ಮನಸ್ಸಿನ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು ಸಾರಿದೆ. ವಿಮೆಯ ವಿಷಯದಲ್ಲಿಯೂ ದೇಹದ ರೋಗಕ್ಕೂ ಮನಸ್ಸಿನ ರೋಗಕ್ಕೂ ಭೇದ ಮಾಡಕೂಡದೆಂದು ವಿಧಿಸಿದೆ. ೨೦೨೨ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಯಲ್ಲಿ ದೂರವಾಣಿ ಮಾಡಿದರೆ, ಹಣ ಕೊಡದೆ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಈ ಸಂಖ್ಯೆಯನ್ನು ಮನೆಯ ಪಂಚಾಂಗದ ಮೇಲೆ ಬರೆದಿಟ್ಟರೆ ತಪ್ಪೇನೂ ಇಲ್ಲ.

ಮಾಡತಕ್ಕದ್ದೇನು?

ಉದ್ಯಮಿಗಳು ಮೊದಲು ತಮ್ಮ ಸಂಸ್ಥೆಗಳಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ನೌಕರನನ್ನು ನಿಜವಾಗಿಯೂ ಬಿಡುಗಡೆ ಮಾಡಲಿ. ರಾತ್ರಿ ಹತ್ತು ಗಂಟೆಗೆ ಬರುವ ಸಂದೇಶಕ್ಕೆ ಆಗಿಂದಾಗಲೇ ಉತ್ತರ ಬೇಕೆಂಬ ರೂಢಿ ಹೋಗಲಿ. ಮೇಲ್ವಿಚಾರಕನ ಯೋಗ್ಯತೆಯನ್ನು ಅವನು ತೆಗೆಸಿದ ಕೆಲಸದಿಂದ ಅಳೆಯುವಂತೆ, ಅವನ ಕೈಕೆಳಗಿನವರು ಹೇಗಿದ್ದಾರೆಂಬುದರಿಂದಲೂ ಅಳೆಯಲಿ. ಗೃಹಸ್ಥರು ಮನೆಗೆಲಸವನ್ನು 'ಸಹಾಯ'ವೆಂದು ಮಾಡದೆ ತಮ್ಮ ಪಾಲೆಂದು ಮಾಡಲಿ. ತಾಯಂದಿರು ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸವನ್ನು ಗಂಡುಮಕ್ಕಳಿಗೂ ಕಲಿಸಲಿ.

ಇನ್ನು ಪ್ರತಿಯೊಬ್ಬನೂ ತನಗೆ ತಾನೇ ಹಾಕಿಕೊಳ್ಳಬೇಕಾದ ನಿಯಮ. ಮಹಾತ್ಮ ಗಾಂಧಿಯವರು ಸೋಮವಾರ ಸೋಮವಾರ ಮೌನವನ್ನು ಆಚರಿಸುತ್ತಿದ್ದುದು ಎಲ್ಲರಿಗೂ ತಿಳಿದದ್ದೇ. ಆ ದಿನ ಅವರ ಕೆಲಸ ನಿಲ್ಲುತ್ತಿರಲಿಲ್ಲ, ಗದ್ದಲ ನಿಲ್ಲುತ್ತಿತ್ತು. ದೇಶದ ಭಾರವನ್ನು ಹೊತ್ತವರಿಗೆ ವಾರಕ್ಕೊಂದು ದಿನ ಸಾಧ್ಯವಾದದ್ದು, ನಮಗೆ ದಿನಕ್ಕೊಂದು ಗಂಟೆಯಾದರೂ ಸಾಧ್ಯವಾಗದೇ? ರಾತ್ರಿಯ ಊಟದ ಹೊತ್ತಿಗೆ ಮನೆಯವರೆಲ್ಲರ ಮೊಬೈಲುಗಳು ಗೂಡಿನಲ್ಲಿರಲಿ. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣಲಿ. ಒಬ್ಬರ ದಿನ ಹೇಗೆ ಕಳೆಯಿತೆಂದು ಮತ್ತೊಬ್ಬರು ಕೇಳಲಿ. ಇದಕ್ಕೆ ಖರ್ಚಿಲ್ಲ, ಕಾಯಿದೆಯೂ ಬೇಕಿಲ್ಲ.

ಪರರ ಆಳ್ವಿಕೆಯನ್ನು ಕಳೆದುಕೊಂಡ ಜನ ತಮ್ಮ ಹೊತ್ತಿನ ಮೇಲಣ ಆಳ್ವಿಕೆಯನ್ನು ಯಾರಿಗೂ ಬಿಟ್ಟುಕೊಡಬಾರದು. ದಣಿದು ಬೆಂಡಾದ ತಂದೆತಾಯಿಗಳ ಕೈಯಲ್ಲಿ, ಮಾತಿಲ್ಲದ ಮನೆಗಳಲ್ಲಿ ಬೆಳೆದ ಮಕ್ಕಳಿಂದ ದೊಡ್ಡ ರಾಷ್ಟ್ರವನ್ನು ಕಟ್ಟಿಸುತ್ತೇವೆಂಬುದು ಬರಿಯ ಭ್ರಮೆ. ದುಡಿಯೋಣ, ಮನಃಪೂರ್ವಕವಾಗಿ ದುಡಿಯೋಣ; ಹೊತ್ತಾದಾಗ ಎದ್ದು ಮನೆಗೆ ಹೋಗೋಣ. ಅಲ್ಲಿಯೂ ದೇಶದ ಕೆಲಸವೇ ನಮಗಾಗಿ ಕಾದಿದೆ.