ಗಾಳಿಯಿಂದ ತಂಪಾಗುವ ಹಳೆಯ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಬೇರಿಂಗ್ ವೈಫಲ್ಯ: ಕಾರಣನಿರ್ಣಯದ ಕ್ರಮ

ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ತಾಂತ್ರಿಕ ಮಹಾವಿದ್ಯಾಲಯ ಆರಂಭವಾದ ಮೇಲೆ ಯಂತ್ರಶಾಸ್ತ್ರದ ವ್ಯಾಸಂಗ ಈ ಗ್ರಾಮೀಣ ಪರಿಸರದಲ್ಲಿಯೂ ಬೇರೂರಿತು. ಅನತಿದೂರದ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವೂ ಇದೆ. ಹಳೆಯ ವಾಹನವನ್ನು ನೋಟಕ್ಕಾಗಿ ಕಾಪಾಡುವುದಕ್ಕಿಂತ ಅದರ ಎಂಜಿನ್ನನ್ನು ಓಡುವ ಸ್ಥಿತಿಯಲ್ಲಿ ಉಳಿಸುವುದು ಕಷ್ಟದ ಕೆಲಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಇರಲಿಲ್ಲ. ಫೋರ್-ಸ್ಟ್ರೋಕ್ ಎಂಜಿನ್‌ಗಳಲ್ಲಿ ಕವಾಟಗಳನ್ನು ತೆರೆಯುವ ಹೊಣೆ ಅದರದೇ.

ಇದಕ್ಕೆ ಫೋಕ್ಸ್‌ವಾಗನ್ ಬೀಟಲ್ ಒಳ್ಳೆಯ ನಿದರ್ಶನ. ಅದರ ಕ್ರ್ಯಾಂಕ್‌ಕೇಸ್ ಮೆಗ್ನೀಷಿಯಂ ಮಿಶ್ರಲೋಹದ ಎರಡು ಹೋಳುಗಳಿಂದಾದುದು. ಮೊದಲಿನ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ನೇರವಾಗಿ ಈ ಲೋಹದಲ್ಲಿಯೇ ತಿರುಗುತ್ತಿತ್ತು. 1960ರ ದಶಕದ ಮಧ್ಯಭಾಗದಲ್ಲಿ ಪ್ರತ್ಯೇಕ ಬೇರಿಂಗ್‌ಗಳು ಬಂದವು. ಬಿಸಿಗೆ ಮೆಗ್ನೀಷಿಯಂ ಎರಕದ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಸುಮಾರು 25 ಮಿ.ಮೀ. ವ್ಯಾಸದ ಜಾಗದಲ್ಲಿ ಉಷ್ಣತೆ 80 ಡಿಗ್ರಿಯಷ್ಟು ಏರಿದರೆ ಸಡಿಲು ಅಂದಾಜು 0.03 ಮಿ.ಮೀ. ಹೆಚ್ಚುತ್ತದೆ. ತಣ್ಣಗಿದ್ದಾಗ ಸರಿಯೆನಿಸಿದ ಎಂಜಿನ್ ಬಿಸಿಯಾದೊಡನೆ ಎಣ್ಣೆಯ ಒತ್ತಡ ಕಳೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಬೇರಿಂಗ್ ನೋಡಬೇಕಾದರೆ ಇಡೀ ಎಂಜಿನ್ ಬಿಚ್ಚಬೇಕಾಗುವುದರಿಂದ ಹೊರಗಿನ ಪರೀಕ್ಷೆಗಳೇ ಮೊದಲು ನಡೆಯಬೇಕು. ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಅದರ ಸದ್ದೂ ಅದೇ ಲಯದ್ದು. ಟ್ಯಾಪೆಟ್ಟಿನ ಸದ್ದೂ ಹಾಗೆಯೇ ಇರುವುದರಿಂದ ಮೊದಲು ಟ್ಯಾಪೆಟ್ ಅಂತರವನ್ನು ಸರಿಪಡಿಸಬೇಕು. ಆ ಬಳಿಕ ಎಣ್ಣೆ ಬಸಿದು ಜಾಲರಿಯನ್ನು ಪರಿಶೀಲಿಸಬೇಕು. ಅಯಸ್ಕಾಂತಕ್ಕೆ ಅಂಟುವ ಪುಡಿ ಕ್ಯಾಮ್ ಅಥವಾ ಟ್ಯಾಪೆಟ್ ಸವೆತದ ಕಡೆಗೆ ಬೆರಳು ತೋರಿದರೆ, ಅಂಟದ ಬೂದುಬಣ್ಣದ ಚಕ್ಕೆಗಳು ಬೇರಿಂಗಿನ ಕಡೆಗೆ ತೋರುತ್ತವೆ. ಆದರೆ ಅಂಥ ಚಕ್ಕೆ ಕ್ರ್ಯಾಂಕ್‌ಶಾಫ್ಟ್ ಬೇರಿಂಗಿನದೂ ಆಗಿರಬಹುದು. ಒತ್ತಡದ ಮಾಪಕ ಜೋಡಿಸಿ ಬಿಸಿ ಎಂಜಿನ್ನಿನಲ್ಲಿ ಅಳೆದಾಗ ಒತ್ತಡ ಕಡಿಮೆಯಿದ್ದರೂ ಒಡನೆಯೇ ಬೇರಿಂಗನ್ನು ದೂರುವಂತಿಲ್ಲ. ಕಸ ಸಿಕ್ಕಿ ತೆರೆದೇ ಉಳಿದ ಒತ್ತಡ ನಿಯಂತ್ರಕ ಕವಾಟವೂ ಅದೇ ಲಕ್ಷಣ ತೋರುತ್ತದೆ. ಕವಾಟ ಸರಿಯಿದ್ದು ಚಕ್ಕೆಗಳೂ ದೊರೆತರೆ ಮಾತ್ರ ಬಿಚ್ಚುವುದು ಅನಿವಾರ್ಯ.

ಬಿಚ್ಚಿದ ಮೇಲೆ ಬೇರಿಂಗ್ ಬದಲಿಸಿದರಷ್ಟೇ ಸಾಲದು. ಅದು ಏಕೆ ಕೆಟ್ಟಿತು ಎಂಬುದು ತಿಳಿಯಬೇಕು. ಪುನರ್ನಿರ್ಮಾಣದಲ್ಲಿ ಕ್ರ್ಯಾಂಕ್‌ಕೇಸ್ ಕೊರೆಯುವಾಗ ಎರಡು ಶಾಫ್ಟ್‌ಗಳ ನಡುವಿನ ಅಂತರ ಕೊಂಚ ವ್ಯತ್ಯಾಸವಾದರೂ ಗೇರಿನ ಹಲ್ಲುಗಳು ಬಿಗಿಯಾಗಿ ಕಚ್ಚಿಕೊಂಡು ಬೇರಿಂಗನ್ನು ಒತ್ತುತ್ತವೆ. ಇದಕ್ಕಾಗಿಯೇ ಕ್ಯಾಮ್ ಗೇರ್‌ಗಳು ಸೂಕ್ಷ್ಮವಾಗಿ ಭಿನ್ನವಾದ ಹಲವು ಅಳತೆಗಳಲ್ಲಿ ತಯಾರಾಗುತ್ತಿದ್ದವು. ಒಂದು ಹೋಳಿನಲ್ಲಿ ಎರಡೂ ಶಾಫ್ಟ್‌ಗಳನ್ನಿರಿಸಿ ಕ್ರ್ಯಾಂಕ್‌ಶಾಫ್ಟನ್ನು ಹಿಮ್ಮುಖವಾಗಿ ತಿರುಗಿಸಿದಾಗ ಕ್ಯಾಮ್‌ಶಾಫ್ಟ್ ತನ್ನ ಜಾಗದಿಂದ ಮೇಲೇಳಬಾರದು. ಎದ್ದರೆ ಗೇರ್ ಬಿಗಿಯೆಂದೇ ಅರ್ಥ. ಎಲ್ಲ ಬೇರಿಂಗ್‌ಗಳ ಮೇಲೂ ಗೀರುಗಳಿದ್ದರೆ ತೊಳೆಯದೆ ಉಳಿದ ಕೊರೆತದ ಪುಡಿಯನ್ನು, ಒಂದೇ ಕಡೆ ಸವೆದಿದ್ದರೆ ವಕ್ರ ಜೋಡಣೆಯನ್ನು ಶಂಕಿಸಬೇಕು. ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಎಂಜಿನ್ನಿನ ಎಣ್ಣೆಯಲ್ಲಿ ತೇವ ಸೇರಿ ಬೇರಿಂಗ್ ಕರಗುವುದೂ ಸಾಧ್ಯ.

ಬೀಟಲ್‌ನ ತಯಾರಿಕೆ 2003ರಲ್ಲಿ ಮೆಕ್ಸಿಕೋದಲ್ಲಿ ಮುಗಿಯಿತು. ಮೂಲ ಕ್ರ್ಯಾಂಕ್‌ಕೇಸ್ ಒಮ್ಮೆ ಕೆಟ್ಟರೆ ಅದಕ್ಕೆ ಸಾಟಿಯಾದುದು ಮತ್ತೆ ಸಿಗುವುದು ಸುಲಭವಲ್ಲ; ಪ್ರತಿ ಸಲದ ಕೊರೆತವೂ ಅದರ ಲೋಹವನ್ನು ಕಡಿಮೆ ಮಾಡುತ್ತದೆ. ಆದುದರಿಂದ ಬಿಚ್ಚುವ ಮೊದಲು ಅಳೆಯುವುದು, ಜೋಡಿಸುವ ಮೊದಲು ಕಾರಣವನ್ನು ಅರಿಯುವುದು ಇಲ್ಲಿ ಸಂರಕ್ಷಣೆಯ ಮೊದಲ ನಿಯಮವಾಗಿದೆ.